ಬಯಲುಸೀಮೆಯ ವಸಂತ

ಆಲ್ಪ್ಸ್ ತಪ್ಪಲಿನವರಿಗೆ ಈಸ್ಟರ್ ಹಬ್ಬವು ಹಿಮ ಕರಗಿದ ಸಂಭ್ರಮ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳ ಒಕ್ಕಲಿಗೆ ಯುಗಾದಿಯು ಮಳೆಯ ನಿರೀಕ್ಷೆ. ಎರಡಕ್ಕೂ ಚಂದ್ರನೇ ಲೆಕ್ಕಿಗ: ವಿಷುವದ ತರುವಾಯದ ಹುಣ್ಣಿಮೆ ಕಳೆದ ಭಾನುವಾರ ಈಸ್ಟರ್, ಅಮಾವಾಸ್ಯೆ ಕಳೆದ ಚೈತ್ರ ಶುದ್ಧ ಪಾಡ್ಯ ಯುಗಾದಿ.

ನಮ್ಮ ವಸಂತವು ಬರುವುದು ಕೆರೆ ಬತ್ತಿ ಬಂಡೆ ಕಾದ ಹೊತ್ತಿನಲ್ಲಿ. ಆದರೂ ಆಳಕ್ಕಿಳಿದ ಬೇರಿನ ಬಲದಿಂದ ಹೊಂಗೆ ಚಿಗುರುತ್ತದೆ, ಬೇವು ಹೂವಾಗುತ್ತದೆ. ಆ ಹೂವೇ ಬೆಲ್ಲದೊಡನೆ ಹಬ್ಬದ ಪ್ರಸಾದ. ಪಂಚಾಂಗ ಶ್ರವಣದಲ್ಲಿ ರೈತನು ಕಿವಿಗೊಡುವುದು ಮಳೆಯ ಮಾತಿಗೆ. ಎತ್ತುಗಳನ್ನು ಸಿಂಗರಿಸಿ, ಹೊನ್ನಾರು ಹೂಡಿ, ಒಣನೆಲದಲ್ಲೇ ವರ್ಷದ ಮೊದಲ ಸಾಲು ಎಳೆಯುವ ಪದ್ಧತಿ ಹಳೆಯ ಮೈಸೂರು ಸೀಮೆಯದು.

ಪಾವಗಡದ ತಿರುಮಣಿಯ ಸುತ್ತ ಸುಮಾರು 13,000 ಎಕರೆ ನೆಲವಿಂದು ಸೌರ ವಿದ್ಯುತ್ತಿಗೆ ಗುತ್ತಿಗೆಯಾಗಿದೆ. ಮಳೆ ಕೈಕೊಟ್ಟ ಒಕ್ಕಲಿಗೆ ಅದು ನಿಶ್ಚಿತ ಆದಾಯ, ನಿಜ. ಆದರೆ ಹೊನ್ನಾರಿನ ಸಾಲಿಗೆ ಅಲ್ಲಿ ಎಡೆಯೆಲ್ಲಿ?