ನಾರುಹುಣ್ಣು ಕಲಿಸಿದ ಪಾಠ

ಜಮಖಂಡಿಯಿಂದ ಉತ್ತರಕ್ಕೆ ಹೊರಟು ಕೃಷ್ಣೆಯನ್ನು ದಾಟಿದರೆ ಸಾವಳಗಿಯ ಸೀಮೆಯು ದೊರೆಯುವದು. ಎರೆಯ ನೆಲ, ಬಿಳಿಜೋಳದ ಬೆಳೆ, ಭರವಸೆಯಿಲ್ಲದ ಮಳೆ, ಇವು ಈ ಸೀಮೆಯ ಹಳೆಯ ಗುರುತುಗಳು. 1989ರಲ್ಲಿ ರೈತರು ತಾವೇ ಹಣ ಕೂಡಿಸಿ, ಮೈಮುರಿದು ದುಡಿದು ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ ಬಾಂದಾರವನ್ನು ಕಟ್ಟಿದ ತರುವಾಯ ಜಮಖಂಡಿ ತಾಲೂಕಿನ ಎಷ್ಟೋ ಹೊಲಗಳು ಹಸುರಾದವು. ಅದಕ್ಕೂ ಹಿಂದಿನ ದಿನಗಳಲ್ಲಿ ಬೇಸಿಗೆಯ ಒಂದು ಕೊಡ ನೀರೆಂದರೆ ಎಷ್ಟೋ ಹಳ್ಳಿಗಳಲ್ಲಿ ಬಾವಿಯ ಪಾವಟಿಗೆಗಳನ್ನಿಳಿದು, ತಳದ ನೀರಿನಲ್ಲಿ ಕಾಲಿಟ್ಟು ನಿಂತು, ಬಗ್ಗಿ ತುಂಬಿಕೊಂಡು ಬರತಕ್ಕ ವಸ್ತುವಾಗಿದ್ದಿತು. ಆ ನೀರಿನೊಡನೆ ಮನೆಗೆ ಮತ್ತೊಂದು ಅನಿಷ್ಟವೂ ಬರುತ್ತಿದ್ದಿತು. ಅದರ ಹೆಸರನ್ನು ಇಂದಿನ ತರುಣರು ಬಹುಶಃ ಕೇಳಿಯೂ ಇರಲಿಕ್ಕಿಲ್ಲ. ಊರ ಹಿರಿಯರಿಗೆ ಮಾತ್ರ ಅದರ ನೆನಪು ಮಾಸಿಲ್ಲ. ಅದುವೇ ನಾರುಹುಣ್ಣು.

ಈ ರೋಗದ ವಿಷಯವನ್ನು ನಾವು ಇಂದು ಎತ್ತಿಕೊಂಡಿರುವದು ಹಳೆಯ ದುಃಖವನ್ನು ಕೆದಕಬೇಕೆಂದಲ್ಲ. ಮನುಷ್ಯನ ದೇಹವನ್ನು ಹೊಕ್ಕು ಅವನ ಅನ್ನರಕ್ತಗಳಿಂದಲೇ ಬದುಕುವ ಹುಳಗಳಲ್ಲಿ ಒಂದನ್ನು ನಮ್ಮ ನಾಡು ಬೇರುಸಹಿತ ಕಿತ್ತು ಹಾಕಿದೆ. ಅದನ್ನು ಯಾವ ಸಾಧನದಿಂದ ಕಿತ್ತಿತೆಂಬದನ್ನು ಮರೆತರೆ, ಇನ್ನೂ ಉಳಿದಿರುವ ಹುಳಗಳನ್ನು ಕೀಳುವ ದಾರಿಯನ್ನೂ ಮರೆತಂತೆಯೇ ಸರಿ.

ನಾರುಹುಳದ ಚರಿತ್ರೆಯು ವಿಲಕ್ಷಣವಾದದ್ದು. ಹೆಣ್ಣುಹುಳವು ಸುಮಾರು ಎರಡು ಮೂರು ಅಡಿ ಉದ್ದ, ದಾರದಷ್ಟು ದಪ್ಪ. ಒಂದು ವರ್ಷದ ಕಾಲ ಅದು ಯಾರಿಗೂ ಸುಳಿವು ಕೊಡದೆ ದೇಹದೊಳಗೆ ಬೆಳೆಯುವದು. ಬಳಿಕ ಬಹುತರವಾಗಿ ಕಾಲಿಗೋ ಪಾದಕ್ಕೋ ಇಳಿದು ಚರ್ಮದ ಮೇಲೆ ಬೊಬ್ಬೆಯೆಬ್ಬಿಸುವದು. ಬೆಂಕಿಯಿಟ್ಟಂತೆ ಉರಿಯುವ ಆ ಬೊಬ್ಬೆಯನ್ನು ತಣಿಸಲೆಂದು ರೋಗಿಯು ಕಾಲನ್ನು ನೀರಿನಲ್ಲಿಡುವನು. ಇಲ್ಲವೆ ನೀರು ತರಲೆಂದೇ ಬಾವಿಗಿಳಿಯುವನು. ಹುಳವು ಕಾಯ್ದುಕೊಂಡಿದ್ದದ್ದು ಆ ಗಳಿಗೆಯನ್ನೇ! ನೀರು ಸೋಕಿದೊಡನೆ ಅದು ತನ್ನ ಅಸಂಖ್ಯ ಮರಿಗಳನ್ನು ಹೊರಗೆ ಚೆಲ್ಲುವದು. ನೀರಿನಲ್ಲಿ ಸೈಕ್ಲಾಪ್ಸ್ ಎಂಬ, ಸಾಸಿವೆಗಿಂತಲೂ ಸಣ್ಣದಾದ, ಒಂಟಿಗಣ್ಣಿನ ಜಲಕೀಟವೊಂದುಂಟು. ಅದು ಈ ಮರಿಗಳನ್ನು ನುಂಗುವದು. ಎರಡು ವಾರಗಳಲ್ಲಿ ಮರಿಯು ಕೀಟದೊಳಗೆ ಬಲಿತು ನಿಲ್ಲುವದು. ಆ ನೀರನ್ನು ಸೋಸದೆ ಕುಡಿದವನ ಹೊಟ್ಟೆಯಲ್ಲಿ ಕೀಟವು ಜೀರ್ಣವಾಗುವದು, ಮರಿಯು ಮಾತ್ರ ಉಳಿದು ಕರುಳನ್ನು ಕೊರೆದು ಒಳಸೇರುವದು. ಮರುವರ್ಷ ಅದೇ ಬೇಸಿಗೆಗೆ ಮತ್ತೊಂದು ಕಾಲಿನಲ್ಲಿ ಮತ್ತೊಂದು ಬೊಬ್ಬೆ!

ಇದಕ್ಕೆ ಮದ್ದಿಲ್ಲ; ಲಸಿಕೆಯೂ ಇಲ್ಲ. ಒಮ್ಮೆ ಬಂದು ಹೋದವನಿಗೆ ಮತ್ತೆ ಬರಲಾರದೆಂಬ ಧೈರ್ಯವೂ ಇಲ್ಲ. ಹೊರಬಂದ ಹುಳದ ತುದಿಯನ್ನು ಒಂದು ಕಡ್ಡಿಗೆ ಸುತ್ತಿ ದಿನಕ್ಕೆ ಒಂದೆರಡು ಅಂಗುಲದಂತೆ ವಾರಗಟ್ಟಲೆ ಎಳೆಯುವದೊಂದೇ ಉಪಾಯ. ಅವಸರಪಟ್ಟು ಎಳೆದರೆ ಹುಳವು ಒಳಗೇ ಹರಿದು, ಕೀವು ತುಂಬಿ, ಕೀಲುಗಳು ಸೆಟೆದು, ಕೆಲವರು ಜನ್ಮವಿಡೀ ಕುಂಟಾಗುತ್ತಿದ್ದರು. ಜೀವಕ್ಕೆ ಅಪಾಯವು ವಿರಳವೇನೋ ಹೌದು. ಆದರೆ ಬಿತ್ತಿಗೆಯ ಹದದಲ್ಲಿ ಒಕ್ಕಲಿಗನು ತಿಂಗಳುಗಟ್ಟಲೆ ಪಡಸಾಲೆಯಲ್ಲಿ ಬಿದ್ದುಕೊಂಡರೆ ಆ ಮನೆಯ ವರ್ಷದ ಕೂಳಿಗೇ ಸಂಚಕಾರವು ಬಂದಂತಾಗುವದು.

ಈ ಹುಳವು ಜಲಕೀಟದ ಮೂಲಕ ಬರುವದೆಂಬದನ್ನು 1870ರ ಸುಮಾರಿಗೆ ತುರ್ಕಿಸ್ತಾನದಲ್ಲಿ ಕಂಡುಹಿಡಿದವನು ಅಲೆಕ್ಸಿ ಫೆಡ್ಚೆಂಕೊ ಎಂಬ ರಷಿಯದ ವಿಜ್ಞಾನಿ. ನಮ್ಮ ಕನ್ನಡ ನಾಡಿನವರೂ ಈ ಶೋಧದಲ್ಲಿ ಹಿಂದೆ ಬಿದ್ದಿರಲಿಲ್ಲವೆಂಬದನ್ನು ಇಲ್ಲಿ ಅಭಿಮಾನದಿಂದ ಹೇಳಬೇಕಾಗಿದೆ. 1930ರ ದಶಕದಲ್ಲಿ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯಲ್ಲಿ ಡಾ. ವಿ. ಎನ್. ಮೂರ್ತಿಯವರು ಈ ಹುಳದ ರೂಪವನ್ನೂ ಬೆಳವಣಿಗೆಯನ್ನೂ ಸೂಕ್ಷ್ಮವಾಗಿ ಅಭ್ಯಾಸ ಮಾಡಿದರು. ಅವರೂ ಡಾ. ಸ್ವೀಟ್ ಎಂಬವರೂ ಕೂಡಿ, ಬಾವಿಗಳಲ್ಲಿ ಜಲಕೀಟಗಳನ್ನು ತಿನ್ನುವ ಮೀನುಗಳನ್ನು ಬಿಟ್ಟು ರೋಗವನ್ನು ತಡೆಯುವ ಉಪಾಯವನ್ನು 1936ರಲ್ಲಿ ಪ್ರಕಟಿಸಿದರು. ಔಷಧಿಯ ಬಾಟಲಿಯಲ್ಲಲ್ಲ, ಬಾವಿಯಲ್ಲಿಯೇ ರೋಗದ ಕೀಲಿಕೈಯಿದೆಯೆಂಬ ತತ್ತ್ವವು ಆಗಲೇ ಸ್ಪಷ್ಟವಾಗಿದ್ದಿತು.

ಆದರೆ ತತ್ತ್ವವು ಕಾರ್ಯಕ್ಕೆ ಇಳಿಯಲು ಅರ್ಧ ಶತಮಾನವು ಹಿಡಿಯಿತು. ಭಾರತ ಸರಕಾರವು ನಾರುಹುಣ್ಣಿನ ನಿರ್ಮೂಲನದ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿದ್ದು 1983-84ರಲ್ಲಿ. ಆಗ ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಈ ರೋಗವಿದ್ದಿತು; 1984ರಲ್ಲಿ ದೇಶದಲ್ಲೆಲ್ಲ ಕೂಡಿ ಸುಮಾರು 40 ಸಾವಿರ ರೋಗಿಗಳು ಲೆಕ್ಕಕ್ಕೆ ಸಿಕ್ಕರು. ಮಾಡಿದ ಉಪಾಯಗಳಾದರೂ ಎಷ್ಟು ಸರಳ! ನೀರನ್ನು ಬಟ್ಟೆಯಿಂದ ಸೋಸಿ ಕುಡಿಯಿರೆಂದು ಮನೆಮನೆಗೆ ಕಲಿಸಿದರು. ಪಾವಟಿಗೆಯ ಬಾವಿಗಳಿಗೆ ಕಟ್ಟೆ ಕಟ್ಟಿ, ಮೇಲೆ ನಿಂತು ಹಗ್ಗದಿಂದ ಸೇದುವ ಬಾವಿಗಳನ್ನಾಗಿ ಮಾಡಿದರು. ಕೈಪಂಪುಗಳನ್ನು ನೆಟ್ಟರು. ಜಲಕೀಟವನ್ನು ಕೊಲ್ಲುವ ಟೆಮಿಫಾಸ್ ಎಂಬ ಔಷಧವನ್ನು ಅಳತೆಯರಿತು ನೀರಿಗೆ ಹಾಕಿದರು. ಎಲ್ಲಕ್ಕೂ ಮಿಗಿಲಾಗಿ, ಹಳ್ಳಿಹಳ್ಳಿಗೂ ಹೋಗಿ ರೋಗಿಗಳನ್ನು ಹುಡುಕಿ, ಹುಣ್ಣಿಗೆ ಪಟ್ಟಿ ಕಟ್ಟಿ, ಹುಳವು ಪೂರ್ತಿ ಹೊರಬರುವವರೆಗೆ ಅವರ ಕಾಲು ಊರ ನೀರಿಗೆ ಸೋಕದಂತೆ ನೋಡಿಕೊಂಡರು. ಫಲವೇನಾಯಿತು? 1996ರ ಜುಲೈ ತಿಂಗಳಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ದೇಶದ ಕಟ್ಟಕಡೆಯ ರೋಗಿಯು ಕಾಣಿಸಿಕೊಂಡನು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವು ಈ ರೋಗದಿಂದ ಮುಕ್ತವಾಯಿತೆಂದು ಸಾರಿತು. 1986ರಲ್ಲಿ ಜಗತ್ತಿನಲ್ಲಿ 35 ಲಕ್ಷ ಜನರಿಗಿದ್ದ ರೋಗವು 2022ರಲ್ಲಿ ಕೇವಲ 13 ಜನರಲ್ಲಿ ಕಂಡುಬಂದಿತು.

ಇಷ್ಟರಿಂದ ನಾವು ಕೈತೊಳೆದುಕೊಂಡು ಕೂಡ್ರಬಹುದೆ? ಕೂಡದು. ನಾರುಹುಳವನ್ನು ಗುರುತಿಸಲು ಪ್ರಯೋಗಶಾಲೆಯು ಬೇಕಾಗಿರಲಿಲ್ಲ. ಕಾಲಿನಿಂದ ಹೊರಬಿದ್ದ ಹುಳವನ್ನು ಕುರುಡನು ಕೂಡ ಕೈಮುಟ್ಟಿ ಹೇಳಬಹುದಾಗಿತ್ತು. ಇನ್ನೊಂದು ಹುಳವು ಅಷ್ಟು ಪ್ರಾಮಾಣಿಕವಾದದ್ದಲ್ಲ. ಅದು ಆನೆಕಾಲು ರೋಗದ ಹುಳ. ಬಾಗಲಕೋಟೆ, ವಿಜಯಪುರ, ಕಲಬುರಗಿ, ಬೀದರ, ರಾಯಚೂರು ಮುಂತಾದ ನಮ್ಮ ಬಯಲುಸೀಮೆಯ ಜಿಲ್ಲೆಗಳೂ ಕರಾವಳಿಯ ಜಿಲ್ಲೆಗಳೂ ಈ ರೋಗದ ಪಟ್ಟಿಯಲ್ಲಿ ಸೇರಿದವುಗಳು.

ಇದನ್ನು ಹರಡುವದು ಕುಡಿಯುವ ನೀರಲ್ಲ, ನಾವು ಬಳಸಿ ಚೆಲ್ಲಿದ ನೀರು. ಮನೆಯ ಹಿಂದಿನ ಗಟಾರದಲ್ಲಿ, ತುಂಬಿ ನಿಂತ ಬಚ್ಚಲಗುಂಡಿಯಲ್ಲಿ ಹುಟ್ಟುವ ಕ್ಯೂಲೆಕ್ಸ್ ಜಾತಿಯ ಸೊಳ್ಳೆಯು ರೋಗಿಯ ರಕ್ತದೊಡನೆ ಹುಳದ ಮರಿಗಳನ್ನು ಹೀರುವದು. ಹತ್ತು ಹದಿನಾಲ್ಕು ದಿನಗಳಲ್ಲಿ ಅವು ಸೊಳ್ಳೆಯೊಳಗೆ ಬಲಿತು, ಅದು ಮತ್ತೊಬ್ಬನನ್ನು ಕಚ್ಚಿದಾಗ ಅವನ ಚರ್ಮವನ್ನು ಹೊಗುವವು. ಬೆಳೆದ ಹುಳಗಳು ದೇಹದ ದುಗ್ಧನಾಳಗಳಲ್ಲಿ ಗೂಡುಕಟ್ಟಿ ವರ್ಷಗಟ್ಟಲೆ ಬದುಕಿ, ಮರಿಗಳನ್ನು ರಕ್ತಕ್ಕೆ ಬಿಡುತ್ತಿರುವವು. ನಾಳಗಳು ಕೆಟ್ಟು ಕಾಲು ಬಾತು ದಪ್ಪಗಾಗುವದೂ, ಗಂಡಸರಿಗೆ ವೃಷಣದಲ್ಲಿ ನೀರು ತುಂಬುವದೂ ಎಷ್ಟೋ ವರ್ಷಗಳಾದ ಮೇಲೆ. ಅಷ್ಟರವರೆಗೆ ಆ ಮನುಷ್ಯನು ನೋಡಲು ಗಟ್ಟಿಮುಟ್ಟಾಗಿಯೇ ಇರುವನು. ತಾನರಿಯದೆ ನೆರೆಹೊರೆಗೆ ರೋಗವನ್ನು ಹಂಚುತ್ತಲೂ ಇರುವನು.

ಇಲ್ಲಿಯೇ ಪ್ರಯೋಗಶಾಲೆಯ ಮಹತ್ವವಿರುವದು. ಈ ಹುಳದ ಮರಿಗಳು ಹಗಲೆಲ್ಲ ಫುಪ್ಫುಸದ ಸೂಕ್ಷ್ಮ ರಕ್ತನಾಳಗಳಲ್ಲಿ ಅಡಗಿದ್ದು, ರಾತ್ರಿಯಲ್ಲಿ, ಅಂದರೆ ಸೊಳ್ಳೆಯು ಕಚ್ಚುವ ಹೊತ್ತಿಗೆ, ಹೊರಮೈಯ ರಕ್ತಕ್ಕೆ ಬರುವವು. ಕಳ್ಳನಂತೆ ಕತ್ತಲೆಯನ್ನೇ ನೆಚ್ಚಿದ ಪ್ರಾಣಿಯಿದು! ಆದಕಾರಣ ಆರೋಗ್ಯ ಇಲಾಖೆಯ ನೌಕರರು ರಾತ್ರಿ ಎಂಟೂವರೆಯ ಮೇಲೆ ನಡುರಾತ್ರಿಯವರೆಗೆ ಮನೆಮನೆಗೆ ಹೋಗಿ ಬೆರಳ ತುದಿಯಿಂದ ಒಂದೆರಡು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ದಪ್ಪಗೆ ಸವರಿಕೊಂಡು ಬರುವರು. ಅದು ಒಣಗಿದ ಮೇಲೆ ನೀರಿನಲ್ಲಿ ತೊಳೆದು ಕೆಂಪನ್ನು ತೆಗೆದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗೆ ಹಿಡಿದರೆ, ತೆಳುವಾದ ಪೊರೆಯನ್ನು ಹೊದ್ದ, ಬಳುಕಿದ ನೂಲಿನ ತುಂಡಿನಂಥ ಮರಿಗಳು ಕಣ್ಣಿಗೆ ಬೀಳುವವು. ರಕ್ತದಲ್ಲಿ ಈ ಮರಿಗಳಿರುವದನ್ನು 1872ರಲ್ಲಿ ಕಲಕತ್ತೆಯಲ್ಲಿ ಟಿಮೊಥಿ ಲೂಯಿಸನು ಕಂಡನು. ಸೊಳ್ಳೆಯೊಳಗೆ ಅವು ಬೆಳೆಯುವದನ್ನು 1877ರಲ್ಲಿ ಚೀನದಲ್ಲಿ ಪ್ಯಾಟ್ರಿಕ್ ಮ್ಯಾನ್ಸನನು ತೋರಿಸಿದನು. ಈಗ ಹಗಲಿನ ರಕ್ತದಿಂದಲೇ ಹುಳದ ಅಂಶವನ್ನು ತಿಳಿಸುವ ಪರೀಕ್ಷಾಪಟ್ಟಿಗಳೂ ಬಂದಿರುವವು. ಆದರೂ ರಾತ್ರಿಯ ರಕ್ತಪರೀಕ್ಷೆಯ ಬೆಲೆಯು ಕಡಿಮೆಯಾಗಿಲ್ಲ.

ಹೀಗಿರಲು, ರಾತ್ರಿಯಲ್ಲಿ ಬಾಗಿಲು ತಟ್ಟಿದ ಆ ನೌಕರನಿಗೆ ನಮ್ಮಲ್ಲಿ ದೊರೆಯುವ ಸ್ವಾಗತವು ಎಂಥದು? "ನಮಗೇನೂ ಆಗಿಲ್ಲ, ಮುಂದಿನ ಮನೆಗೆ ಹೋಗಿರಿ" ಎಂದು ಹೇಳುವವರಲ್ಲಿ ಓದುಬರಹ ಬಲ್ಲವರೇ ಮುಂದೆಂಬದು ನಮ್ಮ ಎಣಿಕೆ. ಗುಳಿಗೆಯ ವಿಷಯದಲ್ಲಿಯೂ ಇದೇ ಕಥೆ. ರೋಗವಿರುವ ಜಿಲ್ಲೆಗಳ ಜನರೆಲ್ಲರಿಗೂ ವರ್ಷಕ್ಕೊಮ್ಮೆ ಡಿ.ಇ.ಸಿ. ಗುಳಿಗೆಗಳನ್ನೂ, ಬಳಿಕ ಅವುಗಳೊಡನೆ ಅಲ್ಬೆಂಡಜೋಲ್ ಗುಳಿಗೆಗಳನ್ನೂ ನುಂಗಿಸುವ ಕ್ರಮವು 2004ರಿಂದ ನಡೆದುಬಂದಿದೆ. ಎರಡು ವರ್ಷದೊಳಗಿನ ಕೂಸುಗಳು, ಗರ್ಭಿಣಿಯರು, ಕಠಿಣ ರೋಗದಿಂದ ಹಾಸಿಗೆ ಹಿಡಿದವರು, ಇವರ ಹೊರತು ಮಿಕ್ಕವರೆಲ್ಲರೂ ತೆಗೆದುಕೊಳ್ಳತಕ್ಕವುಗಳಿವು. ಗುಳಿಗೆಯಿಂದ ಕೆಲವರಿಗೆ ಜ್ವರ, ತಲೆನೋವು ಬರುವದುಂಟು. ಅದು ಬಹುಮಟ್ಟಿಗೆ ದೇಹದೊಳಗೆ ಮರಿಗಳು ಸಾಯುತ್ತಿರುವ ಗುರುತು. ಒಂದೆರಡು ದಿನಗಳಲ್ಲಿ ಶಮನವಾಗುವದು. ಗುಳಿಗೆಯನ್ನು ಇಸಿದುಕೊಂಡು ಗೂಡಿನಲ್ಲಿಟ್ಟವನು ತನ್ನ ಹೆಸರನ್ನು ಪಟ್ಟಿಯಲ್ಲಿ ಬರೆಸಿಕೊಂಡನೇ ಹೊರತು ಹುಳವನ್ನು ಕೊಲ್ಲಲಿಲ್ಲ. ಮರಿಗಳನ್ನು ಹೊತ್ತ ನಾಲ್ಕು ಜನರು ಉಳಿದರೂ, ಗಟಾರದ ಸೊಳ್ಳೆಯು ಅವರಿಂದ ಮತ್ತೆ ನಾನೂರು ಜನರನ್ನು ಮುಟ್ಟಲು ತಡವಿಲ್ಲ. ವಿತರಣೆಯು ನಿಂತ ಜಿಲ್ಲೆಗಳಲ್ಲಿಯೂ ಕೆಲವು ವರ್ಷ ಪರೀಕ್ಷೆಯು ನಡೆಯಲೇಬೇಕಾದ ಕಾರಣವು ಇದೇ.

ಕರುಳಿನ ಹುಳಗಳ ಮಾತನ್ನೂ ಎರಡು ನುಡಿಗಳಲ್ಲಿ ಹೇಳದಿದ್ದರೆ ಈ ವಿಷಯವು ಅಪೂರ್ಣವಾದೀತು. ಜಂತುಹುಳದ ಒಂದು ಹೆಣ್ಣು ದಿನಕ್ಕೆ ಸುಮಾರು ಎರಡು ಲಕ್ಷ ತತ್ತಿಗಳನ್ನಿಡುವದು. ಬಯಲಿನ ಮಲದಿಂದ ಮಣ್ಣಿಗೆ, ಮಣ್ಣಿನಿಂದ ಕೈಗೆ, ಕೈಯಿಂದ ಬಾಯಿಗೆ ಅವು ಪಯಣ ಮಾಡುವವು. ಕೊಕ್ಕೆಹುಳದ ಮರಿಯಾದರೋ ಹಸಿಮಣ್ಣಿನಲ್ಲಿ ಬರಿಗಾಲಿನಿಂದ ನಡೆದವನ ಚರ್ಮವನ್ನೇ ಕೊರೆದು ಒಳಹೊಕ್ಕು, ಕರುಳಿಗೆ ಕಚ್ಚಿಕೊಂಡು ರಕ್ತವನ್ನು ಹೀರುವದು. ಕೂಲಿಯ ಹೆಣ್ಣುಮಗಳು ಬಿಳಿಚಿಕೊಂಡು ಏದುಸಿರು ಬಿಡುತ್ತಿದ್ದರೆ ಅದಕ್ಕೆ ದೃಷ್ಟಿ ತೆಗೆಯುವ ಬದಲು ಮಲಪರೀಕ್ಷೆಯನ್ನು ಮಾಡಿಸಬೇಕು. ಗಾಜಿನ ಪಟ್ಟಿಯ ಮೇಲೆ ಉಪ್ಪುನೀರಿನಲ್ಲಿ ಕದಡಿದ ಕಡಲೆಕಾಳಿಗಿಂತ ಕಡಿಮೆಯಾದ ಮಲದಲ್ಲಿ, ಜಂತುಹುಳದ ಕಂದುಬಣ್ಣದ ಉಬ್ಬುತಗ್ಗಿನ ತತ್ತಿಯನ್ನೂ ಕೊಕ್ಕೆಹುಳದ ತೆಳುಸಿಪ್ಪೆಯ ತತ್ತಿಯನ್ನೂ ಅನುಭವವುಳ್ಳವನು ಕೆಲವೇ ನಿಮಿಷಗಳಲ್ಲಿ ಗುರುತಿಸಬಲ್ಲನು. ಹೊಲಕ್ಕೆ ನೀರು ಬಂದು ಮಣ್ಣು ವರ್ಷವಿಡೀ ಹಸಿಯಾಗಿರುವ ಸೀಮೆಗಳಲ್ಲಿ ಕಾಲಿಗೆ ಕೆರವೂ ಮನೆಗೆ ಶೌಚಗೃಹವೂ ಹಿಂದಿಗಿಂತ ಹೆಚ್ಚು ಅವಶ್ಯವಾಗಿವೆ.

ಆನೆಕಾಲು ರೋಗವನ್ನು 2027ರೊಳಗೆ ದೇಶದಿಂದ ನಿವಾರಿಸಬೇಕೆಂದು ಭಾರತ ಸರಕಾರವು ಸಂಕಲ್ಪ ಮಾಡಿದೆ. ಸಂಕಲ್ಪವು ದಿಲ್ಲಿಯಲ್ಲಿ ಆಗಬಹುದು. ಸಿದ್ಧಿಯು ಮಾತ್ರ ಸಾವಳಗಿಯ ಓಣಿಯಲ್ಲಿಯೇ ಆಗತಕ್ಕದ್ದು. ಗ್ರಾಮ ಪಂಚಾಯತಿಯವರು ಗಟಾರದ ನೀರು ನಿಲ್ಲದೆ ಹರಿಯುವಂತೆ ಮಾಡಬೇಕು. ಅಧಿಕಾರಿಗಳು ಗುಳಿಗೆಯನ್ನು ಹಂಚಿದ ಲೆಕ್ಕವನ್ನಲ್ಲ, ಕಣ್ಣೆದುರಿಗೆ ನುಂಗಿಸಿದ ಲೆಕ್ಕವನ್ನು ಕೇಳಬೇಕು. ಈಗಾಗಲೇ ಕಾಲು ಬಾತವರನ್ನು ಕಂಡು ಮೂಗು ಮುರಿಯದೆ, ದಿನಾಲು ಸಾಬೂನಿನಿಂದ ಕಾಲು ತೊಳೆದು, ಒರೆಸಿ, ಗಾಯವಾಗದಂತೆ ಕಾಯ್ದುಕೊಂಡರೆ ಬಾವು ಬೆಳೆಯದೆಂದು ಅವರಿಗೆ ತಿಳಿಸಬೇಕು.

ನಾರುಹುಣ್ಣನ್ನು ಓಡಿಸಿದ್ದು ಯಾವ ದೊಡ್ಡ ಔಷಧವೂ ಅಲ್ಲ. ಕೊಡದ ಬಾಯಿಗೆ ಬಟ್ಟೆಯನ್ನು ಕಟ್ಟಿದ ನಮ್ಮ ತಾಯಂದಿರ ಕೈಗಳು, ಉರಿಯುವ ಕಾಲನ್ನು ಊರಿನ ಹಿತಕ್ಕಾಗಿ ಬಾವಿಗಿಳಿಸದೆ ತಡೆದುಕೊಂಡ ಬಡರೋಗಿಗಳು. ಅವರಲ್ಲಿ ಅನೇಕರಿಗೆ ಅಕ್ಷರವೂ ಬರುತ್ತಿರಲಿಲ್ಲ. ಅಕ್ಷರ ಬಲ್ಲ ನಮ್ಮಿಂದ ಈಗ ಕೇಳುತ್ತಿರುವದು ರಾತ್ರಿಯ ಹೊತ್ತು ಎರಡು ಹನಿ ರಕ್ತ, ವರ್ಷಕ್ಕೊಂದು ಸಲ ನಾಲ್ಕಾರು ಗುಳಿಗೆ, ಮನೆಯ ಮುಂದಿನ ಹತ್ತು ಮೊಳ ಗಟಾರದ ಮೇಲೆ ಕಣ್ಣು. ಇಷ್ಟನ್ನೂ ಕೊಡಲಾರೆವೆಂದರೆ ಆ ಹಿರಿಯರ ಮುಂದೆ ನಾವು ಯಾವ ಮುಖದಿಂದ ನಿಲ್ಲೋಣ?