ಹಳೆ ಪಿಕಪ್‌ಗೆ ಬಣ್ಣ: ಉಜ್ಜುವ ಮೊದಲು ಒಮ್ಮೆ ನೋಡಿ

ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಡೆಂಟರ್, ಪೇಂಟರ್ ಆಗಿ ದುಡಿದು ಬಂದವರು ನಮ್ಮ ಕರಾವಳಿಯ ಊರೂರಲ್ಲಿ ಇದ್ದಾರೆ. ಅವರ ಮುಂದೆ ಹಳೆ ಟೊಯೊಟಾ ಲ್ಯಾಂಡ್ ಕ್ರೂಸರ್ ಪಿಕಪ್‌ನ ಸುದ್ದಿ ಎತ್ತಿ ನೋಡಿ, ಚಹಾ ತಣ್ಣಗಾದರೂ ಮಾತು ಮುಗಿಯುವುದಿಲ್ಲ. ಒಂಟೆಯ ಮೇವು, ನೀರಿನ ಟ್ಯಾಂಕಿ, ಖರ್ಜೂರದ ಪೆಟ್ಟಿಗೆ, ಸೈಟಿಗೆ ಹೋಗುವ ಕೆಲಸದವರು, ಎಲ್ಲವನ್ನೂ ಹೊತ್ತು ಮರಳಿನಲ್ಲಿ ಓಡಿದ ಗಾಡಿ ಅದು. ಈಗ ಅದೇ ಗಾಡಿಯನ್ನು ತೋಟದ ಮೂಲೆಯಿಂದ ಎಳೆದು ತಂದು "ಮೊದಲು ಇದ್ದ ಹಾಗೆಯೇ ಮಾಡಿಕೊಡಿ" ಎನ್ನುವ ಅರ್ಬಾಬ್‌ಗಳು ಹುಟ್ಟಿಕೊಂಡಿದ್ದಾರೆ.

ಇಂಜಿನ್, ಗೇರ್‌ಬಾಕ್ಸ್, ರಬ್ಬರ್ ಎಲ್ಲ ಹೇಗೋ ಹೊಂದಿಸಬಹುದು. ಪೇಚಾಟ ಇರುವುದು ಬಣ್ಣದಲ್ಲಿ. "ಬೇಜ್ ಅಲ್ವಾ ಮಾರಾಯ್ರೇ, ಯಾವುದಾದ್ರೂ ಒಂದು ಬೇಜ್ ಹೊಡೆದ್ರಾಯ್ತು" ಅಂತ ಗರಾಜಿನಲ್ಲಿ ಯಾರೋ ಒಬ್ಬರು ಹೇಳಿಯೇ ಹೇಳುತ್ತಾರೆ. ಆ ಮಾತು ಕೇಳಿದರೆ ಗಾಡಿ ಅಲ್ಲಿಗೇ ಅರ್ಧ ಹೋಯಿತು.

ಲ್ಯಾಂಡ್ ಕ್ರೂಸರ್‌ನ 40 ಸೀರೀಸ್ 1960ರಿಂದ 1984ರವರೆಗೆ ತಯಾರಾಯಿತು. ಅದರಲ್ಲಿ ಉದ್ದದ ಪಿಕಪ್ ಮಾದರಿಯೇ ಎಫ್‌ಜೆ45. ಗಲ್ಫಿಗೂ ಟೊಯೊಟಾಗೂ ಇರುವ ನಂಟು ಅದಕ್ಕಿಂತ ಹಳೆಯದು. ಸೌದಿಯಲ್ಲಿ ಅಬ್ದುಲ್ ಲತೀಫ್ ಜಮೀಲ್, ದುಬೈಯಲ್ಲಿ ಅಲ್ ಫುತ್ತೈಮ್, ಇಬ್ಬರೂ ಟೊಯೊಟಾ ವ್ಯಾಪಾರಕ್ಕೆ ಇಳಿದದ್ದು 1955ರಲ್ಲಿ. ಹಾಗಾಗಿ ಅಲ್ಲಿ ಹಳೆ ಗಾಡಿ ಸಿಗುವುದು ದೊಡ್ಡ ಮಾತಲ್ಲ. ಬಣ್ಣ ಮಾಸದೆ ಉಳಿದ ಗಾಡಿ ಸಿಗುವುದು ದೊಡ್ಡ ಮಾತು.

ಕಂಪನಿ ಪ್ರತಿ ಬಣ್ಣಕ್ಕೂ ಮೂರಂಕಿಯ ಒಂದು ನಂಬರ್ ಕೊಟ್ಟಿತ್ತು. 464 ಅಂದರೆ ಡ್ಯೂನ್ ಬೇಜ್, ಮರಳುಗುಡ್ಡದ ಬಣ್ಣ. 309 ಅಂದರೆ ಫ್ರೀಬಾರ್ನ್ ರೆಡ್. 012 ಅಂದರೆ ಸಿಗ್ನಸ್ ವೈಟ್. ಹೆಡ್‌ಲೈಟಿನ ಸುತ್ತ ಇರುವ ಆ ಬಿಳಿ ಚೌಕಟ್ಟು ನೆನಪಿದೆಯಲ್ಲ, ಅದರ ಬಿಳಿ ಇದೇ. ಅಪ್ಪಟ ಬಿಳಿ ಅಲ್ಲ, ಸ್ವಲ್ಪ ಹಾಲಿನ ಕೆನೆಯ ಕಡೆಗೆ ವಾಲಿದ ಬಿಳಿ. ಇವತ್ತಿನ ಫ್ರಿಜ್ ಬಿಳಿಯನ್ನು ಅಲ್ಲಿ ಹೊಡೆದರೆ ಗೊತ್ತಿದ್ದವರ ಕಣ್ಣಿಗೆ ದೂರದಿಂದಲೇ ಚುಚ್ಚುತ್ತದೆ.

ಬಾನೆಟ್ ಎತ್ತಿ ಒಳಗೆ ಹೊಡೆದಿರುವ ತಗಡಿನ ಪ್ಲೇಟ್ ನೋಡಿದರೆ ನಂಬರ್ ಸಿಗಬಹುದು. ಎಲ್ಲ ವರ್ಷದ ಪ್ಲೇಟಿನಲ್ಲೂ ಬಣ್ಣದ ನಂಬರ್ ಇರುವುದಿಲ್ಲ. ಇದ್ದರೂ ಕೆಲಸ ಮುಗಿಯಲಿಲ್ಲ. ನಂಬರ್ ಹೇಳಿದರೆ ಪೇಂಟ್ ಅಂಗಡಿಯವರು ಕಂಪ್ಯೂಟರ್ ನೋಡಿ ಬಣ್ಣ ಕಲಸಿ ಕೊಡುತ್ತಾರೆ, ನಿಜ. ಆದರೆ ಅಂದಿನ ಬಣ್ಣದಲ್ಲಿದ್ದ ಪುಡಿಗಳೇ ಇಂದಿನ ಡಬ್ಬಿಯಲ್ಲಿಲ್ಲ. ಹಳೆಯ ಹಳದಿ, ಕೆಂಪು ಬಣ್ಣಗಳಲ್ಲಿ ಸೀಸದ ಅಂಶ ಬಳಸುವುದು ಆಗ ಸಾಮಾನ್ಯವಾಗಿತ್ತು. ಬೇಜ್ ಬೇಕಾದರೂ ಹಳದಿ ಸೇರಲೇಬೇಕಲ್ಲ. ಈಗ ಅದೇ ಛಾಯೆಯನ್ನು ಬೇರೆ ಪುಡಿಗಳಿಂದ ತರುತ್ತಾರೆ. ಇದರಿಂದ ಒಂದು ವಿಚಿತ್ರ ಆಗುತ್ತದೆ: ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಎರಡೂ ಒಂದೇ ಥರ ಕಾಣುತ್ತವೆ, ಹೊರಗೆ ಬಿಸಿಲಿಗೆ ತಂದರೆ ಒಂದು ಹಸಿರಿಗೆ, ಇನ್ನೊಂದು ಕೆಂಪಿಗೆ ತಿರುಗಿರುತ್ತದೆ. ಸೀರೆ ಅಂಗಡಿಯಲ್ಲಿ ಹೆಂಗಸರು ಸೀರೆಯನ್ನು ಬಾಗಿಲ ಬಳಿ ತಂದು ನೋಡುವುದು ಇದೇ ಕಾರಣಕ್ಕೆ. ಪೇಂಟರ್‌ಗಳು ಅವರಿಂದ ಕಲಿಯಬೇಕು.

ಹಾಗಾದರೆ ಸರಿಯಾದ ಬಣ್ಣ ಎಲ್ಲಿದೆ? ಗಾಡಿಯಲ್ಲೇ ಇದೆ. ಐವತ್ತು ವರ್ಷದ ಬಿಸಿಲು ಬಾನೆಟ್ಟಿನ ಬಣ್ಣವನ್ನು ಸುಣ್ಣದ ಹಾಗೆ ಪುಡಿ ಮಾಡಿರುತ್ತದೆ, ಕೈ ಇಟ್ಟರೆ ಅಂಟಿಕೊಳ್ಳುತ್ತದೆ. ಅದನ್ನು ನೋಡಿ ಬಣ್ಣ ಹೊಂದಿಸಿದರೆ ನಿಮಗೆ ಸಿಗುವುದು ಬಿಸಿಲು ತಿಂದ ಬಣ್ಣ, ಕಂಪನಿಯದ್ದಲ್ಲ. ಬಿಸಿಲು ತಾಗದ ಜಾಗ ಹುಡುಕಬೇಕು. ಡ್ಯಾಶ್‌ಬೋರ್ಡಿನ ಅಡಿ, ಸೀಟಿನ ಹಿಂದಿನ ತಗಡು, ಬಾಗಿಲಿನ ರಬ್ಬರ್ ಕೂರುವ ಅಂಚು, ಹಿಂದಿನ ಲೈಟ್ ಬಿಚ್ಚಿದರೆ ಅದರ ಕೆಳಗಿನ ಜಾಗ, ಬೋಲ್ಟಿನ ವಾಷರ್ ಒತ್ತಿದ ಬಿಲ್ಲೆಯಗಲದ ಗುರುತು. ಅಲ್ಲಿ ಮೇಣ ಮತ್ತು ಕೊಳೆ ತೆಗೆದು ಸ್ವಲ್ಪ ಪಾಲಿಶ್ ಮಾಡಿದರೆ ಮೊದಲ ದಿನದ ಬಣ್ಣ ಹೊರಗೆ ಬರುತ್ತದೆ. ಬಣ್ಣ ಓದುವ ಮಷಿನ್ ಅನ್ನು ಇಡಬೇಕಾದದ್ದು ಅಲ್ಲಿ. ಮೆಟಾಲಿಕ್ ಅಲ್ಲದ ಸಾದಾ ಬಣ್ಣವಾದ್ದರಿಂದ ಮಷಿನ್‌ಗೂ ಅದು ಸುಲಭ.

ಮೇಲೆ ನಾಲ್ಕೈದು ಸಲ ಬಣ್ಣ ಹೊಡೆದ ಗಾಡಿಯಾದರೆ ಇನ್ನೊಂದು ಉಪಾಯ ಇದೆ. ಮರೆಯಲ್ಲಿರುವ ಒಂದು ಜಾಗದಲ್ಲಿ ಅಂಗೈಯಗಲ ವೃತ್ತಾಕಾರವಾಗಿ ನೀರು ಹಾಕಿ 400ರ ಪೇಪರಿನಿಂದ ಶುರು ಮಾಡಿ 1000, 2000 ಎನ್ನುತ್ತ ನುಣ್ಣಗೆ ಉಜ್ಜಿಕೊಂಡು ಹೋಗಬೇಕು. ನಡುವೆ ತಗಡು ಕಾಣುವ ಹೊತ್ತಿಗೆ ಅದರ ಸುತ್ತ ಬಳೆಗಳ ಹಾಗೆ ಒಂದೊಂದು ಬಣ್ಣವೂ ತೆರೆದುಕೊಂಡಿರುತ್ತದೆ, ಕಡಿದ ಮರದ ಬುಡ ನೋಡಿದ ಹಾಗೆ. ತಗಡಿನ ಪಕ್ಕ ಪ್ರೈಮರ್, ಪ್ರೈಮರಿನ ಪಕ್ಕದ ಬಳೆಯೇ ಕಂಪನಿಯ ಬಣ್ಣ. ಆಮೇಲಿನವು ಮಾಲೀಕರು ಬದಲಾದ ಲೆಕ್ಕ. ಈ ಕೆಲಸವನ್ನು ಒಣಗಿಸಿಕೊಂಡು ಮಾಡಬಾರದು. ಹಳೆ ಬಣ್ಣದ ಧೂಳಿನಲ್ಲಿ ಸೀಸ ಇರಬಹುದು, ಅದು ಮೂಗಿಗೆ ಹೋಗುವುದು ಬೇಡ.

ಇದನ್ನೆಲ್ಲ ಯಾಕೆ ಇಷ್ಟು ಒತ್ತಿ ಹೇಳುವುದೆಂದರೆ, ಗರಾಜಿನಲ್ಲಿ ನಡೆಯುವುದು ಇದರ ಉಲ್ಟಾ. ಗಾಡಿ ಬಂದ ದಿನವೇ ಗ್ರೈಂಡರ್ ಹಿಡಿದು ತಗಡಿನವರೆಗೆ ಎಲ್ಲವನ್ನೂ ಕೆರೆದು ಹಾಕುತ್ತಾರೆ. ತುಕ್ಕು ತೆಗೆಯುವ ಗಡಿಬಿಡಿಯಲ್ಲಿ ಸಾಕ್ಷಿಯೂ ಹೋಗುತ್ತದೆ. ಆಮೇಲೆ ಮಾಜೂನ್ ಹಚ್ಚಿ (ನಮ್ಮೂರಿನ ಪುಟ್ಟಿಗೆ ಅಲ್ಲಿಯ ಹೆಸರು) ಪ್ರೈಮರ್ ಹೊಡೆದು ನಿಂತಾಗ "ಬಣ್ಣ ಯಾವುದಿತ್ತು?" ಅಂತ ಕೇಳಿದರೆ ಹೇಳುವವರು ಯಾರೂ ಇರುವುದಿಲ್ಲ.

ಛಾಯೆ ಸಿಕ್ಕಿತು ಅಂತಿಟ್ಟುಕೊಳ್ಳಿ. ಮುಂದಿನ ಪ್ರಶ್ನೆ ಬಣ್ಣದ ಜಾತಿ. ನಮ್ಮಲ್ಲಿ ಈಗಲೂ ಗಾಡಿಯ ಯಾವ ಪೇಂಟಿಗೂ ಡ್ಯೂಕೋ ಅನ್ನುವವರಿದ್ದಾರೆ. ಡ್ಯೂಕೋ ಎಂದರೆ 1920ರ ದಶಕದಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿ ತಂದ ನೈಟ್ರೋಸೆಲ್ಯುಲೋಸ್ ಲ್ಯಾಕರ್, ಗರಾಜ್ ಭಾಷೆಯ ಎನ್‌ಸಿ ಪೇಂಟ್. ಲ್ಯಾಂಡ್ ಕ್ರೂಸರಿಗೆ ಹೊಡೆದದ್ದು ಅದಲ್ಲ, ಒಲೆಯಲ್ಲಿ ಕಾಯಿಸಿ ಗಟ್ಟಿ ಮಾಡಿದ ಎನಾಮಲ್. ಬಣ್ಣವೂ ಹೊಳಪೂ ಒಂದೇ ಪದರದಲ್ಲಿ. ಈಗಿನ ಕಾರುಗಳಲ್ಲಿ ಕೆಳಗೆ ಬಣ್ಣ, ಮೇಲೆ ಗಾಜಿನಂಥ ಕ್ಲಿಯರ್ ಕೋಟ್. ನಿಮ್ಮ ಗಾಡಿಯ ಮೇಲೆ ಇರುವುದು ಯಾವುದು ಎಂದು ತಿಳಿಯಲು ಬಿಳಿ ಬಟ್ಟೆಗೆ ಸ್ವಲ್ಪ ಕಾಂಪೌಂಡ್ ಹಚ್ಚಿ ಉಜ್ಜಿ. ಬಟ್ಟೆಗೆ ಬಣ್ಣ ಹತ್ತಿದರೆ ಒಂದೇ ಪದರದ್ದು. ಬಟ್ಟೆ ಬಿಳಿಯಾಗಿಯೇ ಉಳಿದರೆ ಮೇಲೆ ಕ್ಲಿಯರ್ ಇದೆ, ಅಂದರೆ ಮಧ್ಯದಲ್ಲಿ ಯಾರೋ ಕೈಯಾಡಿಸಿದ್ದಾರೆ.

ಹಳೆ ಪಿಕಪ್‌ಗೆ ಕ್ಲಿಯರ್ ಕೋಟ್ ಹೊಡೆದು ಕನ್ನಡಿಯ ಹಾಗೆ ಮಿಂಚಿಸುವುದು ನನಗಂತೂ ಸರಿ ಕಾಣುವುದಿಲ್ಲ. ಮದುಮಗನ ಕಾರಿಗೆ ಅದು ಚಂದ, ಮೇವು ಹೊತ್ತ ಗಾಡಿಗೆ ಅಲ್ಲ. ಕಂಪನಿಯಿಂದ ಬರುವಾಗಲೇ ಆ ಬಣ್ಣದ ಮೈ ಕಿತ್ತಳೆ ಸಿಪ್ಪೆಯ ಹಾಗೆ ಸ್ವಲ್ಪ ತರಿತರಿ ಇರುತ್ತಿತ್ತು, ಹೊಳಪೂ ಮೆದು. ಇವತ್ತು ಅದನ್ನು ಪಡೆಯಲು ಒಳ್ಳೆಯ ದಾರಿ ಒಂದೇ ಪದರದ ಪಿಯು ಪೇಂಟ್. ನೋಡಲು ಹಳೆ ಎನಾಮಲ್ಲಿನ ಹಾಗೆ, ಬಾಳಿಕೆ ಅದಕ್ಕಿಂತ ಹೆಚ್ಚು. ಹಳೆಯ ರೀತಿಯ ಎನಾಮಲ್ಲೇ ಬೇಕು ಎಂದು ಹಟ ಹಿಡಿಯುವವರೂ ಇದ್ದಾರೆ. ಗಾಡಿ ಶೆಡ್ಡಿನಲ್ಲೇ ಇರುವುದಾದರೆ ಸರಿ, ಬಿಸಿಲಿಗೆ ನಿಲ್ಲುವುದಾದರೆ ಕೆಲವೇ ವರ್ಷದಲ್ಲಿ ಮಂಕಾಗುತ್ತದೆ.

ಪಿಯು ಹೊಡೆಯುವವನ ಎದೆಯ ಕಡೆಗೂ ನೋಡಬೇಕು. ಅದರ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುತ್ತದೆ. ಒಮ್ಮೆ ಅದು ಹಿಡಿಯದೆ ಹೋದರೆ ಆಸ್ತಮಾ ಶುರುವಾಗುತ್ತದೆ, ಆಮೇಲೆ ಸ್ವಲ್ಪ ವಾಸನೆ ತಾಗಿದರೂ ಉಸಿರು ಕಟ್ಟುತ್ತದೆ, ಆ ಕೆಲಸವನ್ನೇ ಬಿಡಬೇಕಾಗುತ್ತದೆ. ಮುಖಕ್ಕೆ ಸುತ್ತಿದ ಗುತ್ರಾ, ಬಟ್ಟೆಯ ಮಾಸ್ಕ್ ಇದಕ್ಕೆ ಏನೂ ಮಾಡುವುದಿಲ್ಲ. ಹೊರಗಿನ ಶುದ್ಧ ಗಾಳಿಯನ್ನು ಪೈಪಿನಲ್ಲಿ ಕೊಡುವ ಮಾಸ್ಕ್ ಬೇಕು. ನಮ್ಮ ಎಷ್ಟು ಮಕ್ಕಳು ಇದೇ ಕೆಲಸದಲ್ಲಿದ್ದಾರೆ. ಊರಿಂದ ಫೋನ್ ಮಾಡುವಾಗ ಊಟ ಆಯ್ತಾ ಅಂತ ಕೇಳುವ ಜೊತೆಗೆ ಮಾಸ್ಕ್ ಯಾವುದು ಹಾಕ್ತಿ ಅಂತಲೂ ಕೇಳಬಹುದು.

ಬಣ್ಣ ಕಲಸಿದ ಮೇಲೆ ನೇರ ಗಾಡಿಗೆ ಹೊಡೆಯಬಾರದು. ಒಂದು ತಗಡಿನ ತುಂಡಿಗೆ, ಗಾಡಿಗೆ ಹಾಕುವ ಅದೇ ಪ್ರೈಮರಿನ ಮೇಲೆ, ಅಷ್ಟೇ ಕೋಟ್ ಹೊಡೆದು ಪೂರ್ತಿ ಒಣಗಲು ಬಿಡಿ. ಹಸಿ ಇದ್ದಾಗಿನ ಬಣ್ಣವೇ ಬೇರೆ, ಒಣಗಿದ್ದೇ ಬೇರೆ. ಆ ತುಂಡನ್ನು ಹಳೆ ಬಣ್ಣದ ಪಕ್ಕ ಹಿಡಿದು ಬೆಳಿಗ್ಗೆ, ಮಧ್ಯಾಹ್ನ, ಆಮೇಲೆ ರಾತ್ರಿ ಲೈಟಿನಲ್ಲಿ ನೋಡಿ. ಮೂರರಲ್ಲೂ ಹೊಂದಿದರೆ ಡಬ್ಬಿ ತೆರೆಯಬಹುದು.

ಇನ್ನೊಂದು ಮಾತು. ಕೆಲವು ಗಾಡಿಗಳಿಗೆ ಬಣ್ಣ ಹೊಡೆಯದಿರುವುದೇ ಸರಿ. ಅರ್ಧಕ್ಕಿಂತ ಹೆಚ್ಚು ಮೂಲ ಬಣ್ಣ ಉಳಿದಿದ್ದರೆ, ತುಕ್ಕು ಹಿಡಿದಲ್ಲಿ ಮಾತ್ರ ರಿಪೇರಿ ಮಾಡಿ, ಉಳಿದದ್ದನ್ನು ತೊಳೆದು ಮೇಣ ಹಚ್ಚಿ ಬಿಡುವುದನ್ನು ತಿಳಿದವರು ಮೆಚ್ಚುತ್ತಾರೆ. ಹಳೆ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟ ಫೀವಾದ ಟ್ಯೂರಿನ್ ಚಾರ್ಟರ್ ಕೂಡ ಹೊಸದು ಮಾಡುವುದಕ್ಕಿಂತ ಉಳಿಸಿಕೊಳ್ಳುವುದಕ್ಕೇ ಮೊದಲ ಜಾಗ ಕೊಡುತ್ತದೆ. ಹಾಗೆಯೇ, ಯಾವುದೋ ಕಂಪನಿ ಖರೀದಿಸಿದ ವರ್ಷವೇ ತನ್ನ ಬಣ್ಣ ಹೊಡೆಸಿ, ಬಾಗಿಲ ಮೇಲೆ ಅರಬಿಯಲ್ಲಿ ಹೆಸರು ಬರೆಸಿ ಇಪ್ಪತ್ತು ವರ್ಷ ಓಡಿಸಿದ್ದರೆ, ಆ ಗಾಡಿಯ ಮಟ್ಟಿಗೆ ಅದೇ ಅಸಲಿ ಅಂತ ನಾನು ವಾದಿಸುತ್ತೇನೆ. ಎಲ್ಲರೂ ಒಪ್ಪುವುದಿಲ್ಲ.

ಊರಿನಲ್ಲಿ ಎಫ್‌ಜೆ45 ಕಾಣುವುದು ಅಪರೂಪ. ಆದರೆ ಹಳೆ ವಿಲ್ಲೀಸ್, ಮಹೀಂದ್ರಾ ಜೀಪುಗಳು ಘಟ್ಟದ ಬುಡದ ತೋಟಗಳಲ್ಲಿ ಇನ್ನೂ ಇವೆ. ಮೇಲೆ ಹೇಳಿದ ಕ್ರಮವೆಲ್ಲ ಅವಕ್ಕೂ ಒಪ್ಪುತ್ತದೆ. ನಮ್ಮ ಉಪ್ಪು ಗಾಳಿಯಿಂದಾಗಿ ತುಕ್ಕಿನ ಕೆಲಸ ಮಾತ್ರ ಜಾಸ್ತಿ. ಕಾಗದವನ್ನೂ ಮೊದಲೇ ನೋಡಿಕೊಳ್ಳಿ. ಅಲ್ಲಿಯ ಮುಲ್ಕಿಯಾದಲ್ಲೂ ಇಲ್ಲಿಯ ಆರ್‌ಸಿಯಲ್ಲೂ ಗಾಡಿಯ ಬಣ್ಣ ನಮೂದಾಗಿರುತ್ತದೆ. ಈಗ ನೀಲಿ ಎಂದು ಬರೆದಿರುವ ಗಾಡಿಯ ಅಡಿಯಲ್ಲಿ ಬೇಜ್ ಸಿಕ್ಕಿ, ಅದನ್ನೇ ಹೊಡೆಸಿದಿರಿ ಎಂದಾದರೆ ಆರ್‌ಟಿಒ ಕಚೇರಿಗೆ ಹೋಗಿ ಆ ಕಾಲಂ ಬದಲಿಸಿಕೊಳ್ಳಬೇಕು.

ಕೆಲಸ ಮುಗಿದ ಮೇಲೆ ಕಲಸಿದ ಲೆಕ್ಕದ ಚೀಟಿಯನ್ನು ಅಂಗಡಿಯವರಿಂದ ಕೇಳಿ ಪಡೆದು ಗಾಡಿಯ ಕಾಗದಗಳ ಜೊತೆ ಇಡಿ, ಉಳಿದ ಅರ್ಧ ಡಬ್ಬಿ ಬಣ್ಣವನ್ನು ಬಿಗಿಯಾಗಿ ಮುಚ್ಚಿ ತಂಪಾದ ಜಾಗದಲ್ಲಿಡಿ. ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಸಿಕ್ಕಿದ ಆ ಮೂಲ ಬಣ್ಣದ ಮೇಲೆ ಮಾತ್ರ ಗನ್ ಹಾಯಿಸಬೇಡಿ. ಅಂಗೈಯಗಲದಷ್ಟು ಜಾಗಕ್ಕೆ ಟೇಪ್ ಅಂಟಿಸಿ ಹಾಗೆಯೇ ಬಿಡಿ, ಮುಂದೆ ಬಿಚ್ಚುವ ಪೇಂಟರ್‌ಗೆ ಬೇಕಾಗುತ್ತದೆ.