ವಿಳಾಸ ಒಂದೇ, ಖಾತೆ ಎಷ್ಟು?

ವಾಣಿಜ್ಯ ವಿಭಾಗದ ನಮಗೆ ಕ್ಯಾಶ್ ಎಂದರೆ ನಗದು. ಇಂಟರ್ನೆಟ್‌ನಲ್ಲಿ ಇನ್ನೊಂದು ಕ್ಯಾಶ್ ಇದೆ. ಕುಷ್ಟಗಿಯಲ್ಲಿ ಒಬ್ಬರು ಒಂದು ಪುಟ ತೆರೆದರೆ, ಕ್ಯಾಶ್ ಸರ್ವರ್ ಅದರ ಪ್ರತಿ ಇಟ್ಟುಕೊಂಡು ಯಲಬುರ್ಗಾದಲ್ಲಿ ಕೇಳಿದವರಿಗೆ ಬೇಗ ಕೊಡುತ್ತದೆ. ಪ್ರತಿಯನ್ನು ಅದು ಹುಡುಕುವುದು ವಿಳಾಸದಿಂದ. ವಿಳಾಸ ಕನ್ನಡದಲ್ಲಿದ್ದರೆ ಏನಾಗುತ್ತದೆ ಎಂದು ನಾನು ಇಲ್ಲಿ ವಿವರಿಸುತ್ತೇನೆ.

'.ಇನ್' ಇರುವ ಜಾಗದಲ್ಲಿ ಈಗ ಕನ್ನಡ ಅಕ್ಷರಗಳಲ್ಲೇ '.ಭಾರತ' ಬರೆಯಬಹುದು. ಉರ್ದುವಿಗೂ ಅಂಥದ್ದೇ ಇದೆ. ಆದರೆ ವೆಬ್ ಹೆಸರುಗಳನ್ನು ಹುಡುಕಿಕೊಡುವ ಡಿಎನ್‌ಎಸ್ ವ್ಯವಸ್ಥೆಯಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆಗಳೇ ರೂಢಿ. ಅದಕ್ಕಾಗಿ 2003ರಲ್ಲಿ ಪ್ಯೂನಿಕೋಡ್ ಪದ್ಧತಿ ಬಂತು. ಅದರಂತೆ 'ಭಾರತ' ಎಂಬುದು 'ಎಕ್ಸ್‌ಎನ್--2ಎಸ್‌ಸಿಆರ್‌ಜೆ9ಸಿ' ಆಗುತ್ತದೆ. ಇದೇ ಪದ ಯುಟಿಎಫ್-8ರಲ್ಲಿ 12 ಬೈಟ್. ಆ ಬೈಟ್‌ಗಳನ್ನು ಶೇಕಡಾ ಚಿಹ್ನೆಯೊಂದಿಗೆ ಬರೆದರೆ 36 ಅಕ್ಷರ. ಹೀಗೆ ಒಂದೇ ಹೆಸರಿಗೆ ಮೂರು ರೂಪ.

ಬ್ರೌಸರ್‌ಗಳು ಪ್ಯೂನಿಕೋಡ್‌ಗೆ ಬದಲಿಸಿಯೇ ಕಳಿಸುತ್ತವೆ. ಎಲ್ಲ ಪ್ರೋಗ್ರಾಂಗಳೂ ಹಾಗೆ ಮಾಡುತ್ತವೆ ಎನ್ನಲಾಗದು. ಬಂದ ರೂಪದಲ್ಲೇ ಬರೆದಿಟ್ಟರೆ ಸರ್ವರ್‌ನಲ್ಲಿ ಒಂದೇ ಪುಟಕ್ಕೆ ಮೂರು ಪ್ರತಿ. ಗಂಗಾವತಿಯ ಅಕ್ಕಿ ವ್ಯಾಪಾರಿ ಒಬ್ಬ ಗಿರಾಕಿಗೆ ಮೂರು ಖಾತೆ ತೆರೆದಂತೆ: ಹಣ ಒಂದರಲ್ಲಿ ಜಮೆಯಾದರೂ ಉಳಿದೆರಡರಲ್ಲಿ ಹಳೆಯ ಬಾಕಿ ಹಾಗೇ ಇರುತ್ತದೆ. ಸ್ಕಾಲರ್‌ಶಿಪ್ ಅರ್ಜಿಯ ಕೊನೆಯ ದಿನಾಂಕ ಬದಲಾದಾಗ ಒಂದು ಪ್ರತಿ ಅಳಿಸಿದರೂ ಇನ್ನೊಂದು ಹಳೆಯ ದಿನಾಂಕವನ್ನೇ ತೋರಿಸೀತು. ಆ ವಿದ್ಯಾರ್ಥಿಗೆ ವರ್ಷದ ಹಣವೇ ಹೋಗಬಹುದು.

ಪರಿಹಾರ ಸರಳ. ಹೆಸರು ಯಾವ ರೂಪದಲ್ಲಿ ಬಂದರೂ ಸರ್ವರ್ ಅದನ್ನು ಸಣ್ಣಕ್ಷರದ ಪ್ಯೂನಿಕೋಡ್‌ಗೆ ತಂದು, ಆಮೇಲೆ ಪ್ರತಿ ಹುಡುಕಬೇಕು. ಹೆಸರಿನ ನಂತರ, ಓರೆಗೆರೆಯಿಂದ ಮುಂದಿನ ಭಾಗಕ್ಕೆ ಮಾತ್ರ ಪ್ಯೂನಿಕೋಡ್ ಸಲ್ಲದು. ಅಲ್ಲಿ ಶೇಕಡಾ ಚಿಹ್ನೆಯ ಬರಹವೇ ನಿಯಮ.

ಅದಕ್ಕೂ ಮೊದಲು ಇನ್ನೊಂದು ಕೆಲಸವಿದೆ. 'ಕೊಪ್ಪಳ' ಪದವನ್ನೇ ನೋಡಿ. 'ಕೊ'ದ ಒತ್ವವನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ, ಎತ್ವ ಮತ್ತು ಊತ್ವದ ಎರಡು ಸಂಕೇತಗಳಾಗಿಯೂ ಇಡಬಹುದು. ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ. ಎನ್‌ಎಫ್‌ಸಿ ಎಂಬ ನಿಯಮ ಇವೆರಡನ್ನೂ ಒಂದೇ ಮಾಡುತ್ತದೆ.

ಉರ್ದುವಿನಲ್ಲಿ ವಿಷಯ ಉಲ್ಟಾ. ನಮ್ಮ ಮನೆಯಲ್ಲಿ ಬರೆಯುವ ಉರ್ದು 'ಕಾಫ್' ಮತ್ತು ಅರಬ್ಬಿ 'ಕಾಫ್' ಪದದ ಆರಂಭದಲ್ಲಿ ಒಂದೇ ರೀತಿ ಕಾಣುತ್ತವೆ. ಸಂಕೇತಗಳು ಬೇರೆ, ಎನ್‌ಎಫ್‌ಸಿ ಅವನ್ನು ಸೇರಿಸುವುದಿಲ್ಲ. ಹೀಗೆ ಬರೆದ ಎರಡು ವಿಳಾಸಗಳಿಗೆ ಮಾಲೀಕರು ಬೇರೆ ಇರಬಹುದು. ಸರ್ವರ್ ತಾನೇ ಅವನ್ನು ಒಂದು ಮಾಡಿದರೆ ಒಬ್ಬರ ಹೆಸರಿನಲ್ಲಿ ಇನ್ನೊಬ್ಬರ ಪುಟ ಹೋಗುತ್ತದೆ.

ಲೆಕ್ಕಪತ್ರದಲ್ಲಿ ನಾವು ಕಲಿತದ್ದೂ ಇದೇ: ಒಬ್ಬರಿಗೆ ಮೂರು ಖಾತೆ ಬೇಡ, ಇಬ್ಬರನ್ನು ಒಂದೇ ಖಾತೆಗೆ ಹಾಕುವುದೂ ಬೇಡ.